ಹೋದದ್ದು ಸ್ಕೂಟರಿನಲ್ಲಿ, ಬಂದದ್ದು ಬಸ್ಸಿನಲ್ಲಿ

ಆ ಭಾನುವಾರ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹೊರಟ ಬಸ್ಸಿನಲ್ಲಿ ನನಗೆ ಕಿಟಕಿ ಬದಿಯ ಸೀಟು ಸಿಕ್ಕಿತು. ಕಾಲಡಿಯಲ್ಲಿ ಬಂಗುಡೆಯ ಚೀಲ, ಮುಖಕ್ಕೆ ಗಾಳಿ. ಪರಮ ಸುಖ. ಲಾಲ್‌ಬಾಗ್ ದಾಟುವಾಗ ತೊಡೆಗೆ ಏನೋ ಚುಚ್ಚಿತು. ಕಿಸೆಗೆ ಕೈ ಹಾಕಿದೆ. ಸ್ಕೂಟರಿನ ಕೀ.

ನಾನು ಮೀನು ಮಾರ್ಕೆಟಿಗೆ ಹೋದದ್ದು ಸ್ಕೂಟರಿನಲ್ಲಿ.

ಅಲ್ಲೇ ಇಳಿದು ವಾಪಸು ಹೋಗಬಹುದಿತ್ತು. ಸೀಟು ಬಿಡಲು ಮನಸ್ಸು ಬರಲಿಲ್ಲ. ಮೀನೂ ಕಾಯುವುದಿಲ್ಲ ನೋಡಿ.

ಹೆಂಡತಿ ಮೊದಲು ಚೀಲ ನೋಡಿದಳು, ಆಮೇಲೆ ಖಾಲಿ ಅಂಗಳ ನೋಡಿದಳು.

"ಸ್ಕೂಟರ್ ಎಲ್ಲುಂಟು?"

"ಮಾರ್ಕೆಟಲ್ಲಿ."

"ಹುಣಸೆಹುಳಿ?"

ಅದೂ ಮಾರ್ಕೆಟಲ್ಲೇ ಉಂಟು, ಅಂಗಡಿಯವನ ಡಬ್ಬದಲ್ಲಿ.

"ಹೊರಡುವಾಗ ಎರಡು ಸಲ ಹೇಳಿದ್ದೆ ಮಾರಾಯ್ರೆ! ಎಂತ ತಲೆ ನಿಮ್ಮದು?"

ತಂಗಿಯ ಮಗಳು ಮೆಡಿಕಲ್ ಓದುವವಳು, ರಜೆಗೆ ಬಂದಿದ್ದಳು. "ಮಾಮನದ್ದು ತಪ್ಪಲ್ಲ ಮಾಮಿ. ಗ್ಲುಟಮೇಟ್ ರಿಸೆಪ್ಟರ್ ಸರಿ ಕೆಲಸ ಮಾಡ್ಲಿಲ್ಲ, ಅಷ್ಟೆ" ಎಂದಳು. ತಪ್ಪು ನನ್ನದಲ್ಲ ಎನ್ನುವ ವಿಜ್ಞಾನದ ಮೇಲೆ ನನಗೆ ಮೊದಲಿನಿಂದಲೂ ಗೌರವ ಜಾಸ್ತಿ. ಕುರ್ಚಿ ಎಳೆದು ಕೂತೆ.

"ಗ್ಲುಟಮೇಟ್ ಅಂದ್ರೆ ಗೋಬಿ ಮಂಚೂರಿಗೆ ಹಾಕುವ ಬಿಳಿ ಪುಡಿ ಅಲ್ವಾ?"

ಅದರಲ್ಲಿರುವುದೂ ಇದೇ ಅಂತೆ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲಕಳೆಯ ಸಾರಿಗೆ ರುಚಿ ಎಲ್ಲಿಂದ ಬಂತೆಂದು ಹುಡುಕುತ್ತಾ ಹೋಗಿ ಇದನ್ನು ಹಿಡಿದರು. ಹಾಗಂತ ಪ್ಲೇಟುಗಟ್ಟಲೆ ಮಂಚೂರಿ ತಿಂದರೆ ಬುದ್ಧಿ ಬರುವುದಿಲ್ಲ. ಮಿದುಳು ತನಗೆ ಬೇಕಾದ ಗ್ಲುಟಮೇಟನ್ನು ತಾನೇ ಮಾಡಿಕೊಳ್ಳುತ್ತದೆ. ಒಂದು ನರಕೋಶ ಅದನ್ನು ಚೆಲ್ಲುತ್ತದೆ, ಎದುರಿನ ಕೋಶದ ರಿಸೆಪ್ಟರ್‌ಗಳು ಹಿಡಿದುಕೊಳ್ಳುತ್ತವೆ.

ಅವು ಬಾಗಿಲುಗಳಂತೆ. ಆಂಪಾ ಎಂಬ ಬಾಗಿಲು ನಮ್ಮ ಸಿಟಿ ಬಸ್ಸಿನ ಹಾಗೆ. ಗ್ಲುಟಮೇಟ್ ತಾಗಿದ ಕೂಡಲೇ ತೆರೆಯುತ್ತದೆ, ಸೋಡಿಯಂ ನುಗ್ಗುತ್ತದೆ, ಕೆಲವೇ ಮಿಲಿಸೆಕೆಂಡಿನಲ್ಲಿ ಮುಚ್ಚುತ್ತದೆ. ಎನ್‌ಎಂಡಿಎ ಎಂಬ ಇನ್ನೊಂದರದ್ದೇ ಕಿರಿಕಿರಿ. ಅದನ್ನು ತೋರಿಸಲು ಹುಡುಗಿ ಎಣ್ಣೆ ಹೊಯ್ಯುವ ಆಲಿಕೆ ತಂದು ಬಾಟ್ಲಿಯ ಬಾಯಿಗಿಟ್ಟಳು. ನನ್ನ ಕೈಯಿಂದ ಕೀ ತೆಗೆದುಕೊಂಡಳು. ಅದಕ್ಕೆ ಲಿಂಬೆಹಣ್ಣಿನಷ್ಟು ದೊಡ್ಡ ಮರದ ಯಕ್ಷಗಾನದ ಮುಖ ನೇತುಹಾಕಿದ್ದೇನೆ, ಕಳೆದುಹೋಗದಿರಲಿ ಅಂತ. ಮುಖವನ್ನು ಆಲಿಕೆಯೊಳಗೆ ಒತ್ತಿ, ಮೇಲಿಂದ ಸಾಸಿವೆ ಸುರಿದಳು. ಒಂದು ಕಾಳೂ ಇಳಿಯಲಿಲ್ಲ.

"ಈ ಮುಖ ಮೆಗ್ನೀಸಿಯಂ, ಸಾಸಿವೆ ಕ್ಯಾಲ್ಸಿಯಂ. ಬಾಗಿಲು ತೆರೆದ್ರೂ ಮೆಗ್ನೀಸಿಯಂ ದಾರಿಗೆ ಅಡ್ಡ ಕೂತಿರ್ತದೆ."

"ಫುಟ್‌ಬೋರ್ಡಿನಲ್ಲಿ ನಿಂತ ದಡಿಯನ ಹಾಗೆ."

"ಹ್ಞಾಂ! ಸುಮ್ಮನಿದ್ದಾಗ ಕೋಶದ ಒಳಗೆ ಸುಮಾರು ಮೈನಸ್ 70 ಮಿಲಿವೋಲ್ಟ್. ಪ್ಲಸ್ ಚಾರ್ಜಿನ ಮೆಗ್ನೀಸಿಯಂ ಆ ಸೆಳೆತಕ್ಕೇ ಅಲ್ಲಿ ಸಿಕ್ಕಿಕೊಂಡದ್ದು. ಆಂಪಾ ಬಾಗಿಲಲ್ಲಿ ಸಾಕಷ್ಟು ಸೋಡಿಯಂ ಒಳಗೆ ಬಂದು ಮೈನಸ್ ಕಡಿಮೆ ಆದ್ರೆ ಮಾತ್ರ ಅದು ಜಾಗ ಬಿಡ್ತದೆ." ಮುಖ ಎಳೆದಳು. ಸಾಸಿವೆ ಸುರ್ರೆಂದು ಇಳಿಯಿತು.

ಕ್ಯಾಲ್ಸಿಯಂ ಒಳಗೆ ಹೋದರೆ ಕೋಶ ಆ ಜಾಗದಲ್ಲಿ ಇನ್ನಷ್ಟು ಆಂಪಾ ಬಾಗಿಲು ಇಡುತ್ತದೆ. ಮುಂದಿನ ಸಲ ಅದೇ ಗ್ಲುಟಮೇಟಿಗೆ ಉತ್ತರ ಜೋರು. ನೆನಪು ಅಂದರೆ ಹೆಚ್ಚುಕಮ್ಮಿ ಇದೇ ಅಂತೆ. ಸಂಪರ್ಕ ಹೀಗೆ ಗಟ್ಟಿಯಾಗುವುದನ್ನು ಮೊಲದ ಮಿದುಳಿನಲ್ಲಿ ಕಂಡು ಬ್ಲಿಸ್ ಮತ್ತು ಲೋಮೊ 1973ರಲ್ಲೇ ಬರೆದಿದ್ದರು. ಮೊಲಕ್ಕೂ ಉಂಟು ನೋಡಿ.

ನನಗೆ ಎಲ್ಲ ಹೊಳೆಯಿತು. ಹುಣಸೆಹುಳಿಯ ವಿಷಯವನ್ನು ಇವಳು ಮೆಲ್ಲನೆ ಹೇಳಿದ್ದಳು, ಮೆಗ್ನೀಸಿಯಂ ಕದಲಲಿಲ್ಲ. ಅದೇ ಮದುವೆಯ ಮರುವರ್ಷ ಭಾವ ಎಲ್ಲರೆದುರು ಹೇಳಿದ ಒಂದು ಮಾತು ಇವತ್ತಿಗೂ ಅಕ್ಷರಕ್ಷರ ನೆನಪುಂಟು. "ಅಷ್ಟು ಸುಲಭ ಅಲ್ಲ ಮಾಮ" ಎಂದಳು ಹುಡುಗಿ. ನಾನು ಕೇಳಿಸಿಕೊಳ್ಳಲಿಲ್ಲ.

ತಪ್ಪನ್ನು ಮೀನಿನ ಮೇಲೆ ಹಾಕೋಣ ಅಂದರೆ ಅದೂ ಆಗಲಿಲ್ಲ. 1987ರಲ್ಲಿ ಕೆನಡಾದಲ್ಲಿ ಪಚ್ಚಿಲೆ ಎಂಬ ಚಿಪ್ಪುಮೀನು ತಿಂದ ನೂರಕ್ಕೂ ಹೆಚ್ಚು ಜನರಿಗೆ ಕಾಯಿಲೆಯಾಗಿ, ಕೆಲವರಿಗೆ ನೆನಪೇ ಹೋಗಿತ್ತಂತೆ. ಪಾಚಿಯಿಂದ ಪಚ್ಚಿಲೆಗೆ ಸೇರಿದ ಡೊಮೊಯಿಕ್ ಆಮ್ಲ ಗ್ಲುಟಮೇಟಿನ ವೇಷ ಹಾಕಿ ಬಾಗಿಲುಗಳನ್ನು ವಿಪರೀತ ತೆರೆಸಿತ್ತು. ನಾನು ತಂದದ್ದು ಬಂಗುಡೆ. ಅದನ್ನೂ ಇನ್ನೂ ತಿಂದಿರಲಿಲ್ಲ.

"ಪಾಠ ಆಯ್ತಲ್ಲ? ಈಗ ಹೋಗಿ ಸ್ಕೂಟರ್ ತನ್ನಿ. ಹುಳಿ ತನ್ನಿ. ಹುಳಿ!" ಈ ಸಲ ಹೆಂಡತಿ ಕಿರುಚಿಯೇ ಹೇಳಿದಳು.

ಮತ್ತೆ ಬಸ್ಸು. ಸೀಟಿಲ್ಲ. ಸ್ಟೇಟ್ ಬ್ಯಾಂಕಿನಲ್ಲಿ ಇಳಿದು ಮೊದಲು ಕಾಲು ಕೆ.ಜಿ. ಹುಳಿ ಕಟ್ಟಿಸಿಕೊಂಡೆ. ಸ್ಕೂಟರ್ ನಿಲ್ಲಿಸಿದಲ್ಲೇ ಬಿಸಿಲು ಕಾಯುತ್ತಿತ್ತು. ಕಿಸೆಗೆ ಕೈ ಹಾಕುವುದಕ್ಕೂ ಫೋನ್ ಬರುವುದಕ್ಕೂ ಸರಿಯಾಯಿತು.

"ಎಲ್ಲಿದ್ದೀರಿ?"

"ಸ್ಕೂಟರಿನ ಹತ್ತಿರ."

"ನಿಮ್ಮ ಮೆಗ್ನೀಸಿಯಂ ಇಲ್ಲಿ ಸಾಸಿವೆ ಡಬ್ಬದ ಹತ್ತಿರ ಉಂಟು. ಬಸ್ಸಲ್ಲೇ ಬನ್ನಿ."