ದೋಟಿ ಕಟ್ಟಿದ ಸೈಕಲ್ಲಿನ ಹಿಂದೆ

ಮಂಗಳವಾರ ಶಿರಸಿಯಲ್ಲಿ ಸಂತೆ. ಆ ದಿನ ಪೇಟೆಗೆ ಕಾರು ಒಯ್ಯಬಾರದೆಂದು ಪ್ರತಿ ವಾರ ನಿಶ್ಚಯಿಸುತ್ತೇನೆ, ಪ್ರತಿ ವಾರ ಒಯ್ಯುತ್ತೇನೆ. ಅಡಿಕೆ ಕೊಯ್ಲಿನ ಕಾಲದ ಅಂಥದೊಂದು ಮಂಗಳವಾರ ಐದು ರಸ್ತೆ ಸರ್ಕಲ್ಲು ಇನ್ನೇನು ಬಂತೆನ್ನುವಾಗ ನನ್ನ ಮುಂದೊಂದು ಸೈಕಲ್ಲು ಹೋಗುತ್ತಿತ್ತು. ಅದರ ಉದ್ದಕ್ಕೂ ಹಗ್ಗದಲ್ಲಿ ಬಿಗಿದ ಬಿದಿರಿನ ದೋಟಿ, ಅಂದರೆ ಅಡಿಕೆ ಕೊನೆ ಕೊಯ್ಯುವ ಉದ್ದನೆಯ ಗಳ. ಮುಂದಿನ ಚಕ್ರದಿಂದಾಚೆಗೆ ಒಂದು ಮಾರು, ಹಿಂದಿನ ಚಕ್ರದಿಂದೀಚೆಗೆ ಎರಡು ಮಾರು. ಅಪಾಯದ ಗುರುತಿಗೆ ಬಾಲದ ತುದಿಯಲ್ಲಿ ಕೆಂಪು ಬಟ್ಟೆ ಕಟ್ಟುವುದು ವಾಡಿಕೆ. ಇವನು ಅಲ್ಲಿ ತನ್ನ ಊಟದ ಚೀಲವನ್ನು ನೇತುಹಾಕಿದ್ದ.

ರಸ್ತೆಯ ಬದಿಯಿಂದ ಯಾರೋ ಅವನನ್ನು ಕರೆದರು. ಕರೆದವರತ್ತ ಮುಖ ಮಾಡುವುದು ಸಜ್ಜನಿಕೆ. ಆದರೆ ಸೈಕಲ್ಲಿನ ಮೇಲೆ ಕುಳಿತವನು ಮುಖ ತಿರುಗಿಸಿದರೆ ಹ್ಯಾಂಡಲ್ಲೂ ತಿರುಗುತ್ತದೆ, ಹ್ಯಾಂಡಲ್ಲು ತಿರುಗಿದರೆ ದೋಟಿಯೂ ತಿರುಗುತ್ತದೆ. ಸೈಕಲ್ಲು ರಸ್ತೆಗೆ ಅಡ್ಡಲಾಗಿ ನಿಂತಿತು. ರೈಲನ್ನೇ ಕಾಣದ ಶಿರಸಿಗೆ ಕ್ಷಣಮಾತ್ರದಲ್ಲಿ ರೈಲ್ವೆ ಗೇಟೊಂದು ಬಂದಂತಾಯಿತು. ನನ್ನ ಹಿಂದೆ ಒಂದು ಟೆಂಪೊ, ಅದರ ಹಿಂದೆ ಸಾರಿಗೆ ಬಸ್ಸು, ಅದರ ಹಿಂದೆ ದೇವರಿಗೇ ಗೊತ್ತು. ಎಲ್ಲರ ಹಾರ್ನುಗಳೂ ನನ್ನನ್ನು ಉದ್ದೇಶಿಸಿದ್ದರಿಂದ ನಾನೂ ನನ್ನ ಹಾರ್ನನ್ನು ಮುಂದಿನವನತ್ತ ದಾಟಿಸಿದೆ.

ಸವಾರ ಹಿಂತಿರುಗಿ ನೋಡಿ ಬಾಯ್ತುಂಬ ನಕ್ಕ. "ಓ ಭಟ್ರೇ, ನೀವಾ? ಯಾರಪ್ಪಾ ಇಷ್ಟ್ ಕೂಗ್ಸ್ತಾರೆ ಅಂದ್ಕಂಡೆ!"

ನಮ್ಮ ಕೊನೆಗೌಡನೇ ಆತ. ಮರುದಿನ ಅವನು ನಮ್ಮ ತೋಟಕ್ಕೆ ಬರುವುದಿತ್ತು. ಕೊಯ್ಲಿನ ಕಾಲದಲ್ಲಿ ಈ ಸೀಮೆಯ ತೋಟಿಗನು ಯಾರೊಡನೆ ಬೇಕಾದರೂ ಜಗಳವಾಡಿಯಾನು, ಮರ ಹತ್ತಿ ಕೊನೆ ಇಳಿಸುವವನೊಡನೆ ಆಡಲಾರ. ನಾಲಗೆಯ ತುದಿಗೆ ಬಂದಿದ್ದ ಮಾತನ್ನು ನುಂಗಿ, "ನಾಳೆ ಬತ್ತೆ ಅಲ್ದನಾ?" ಎಂದಷ್ಟೇ ಕೇಳಿದೆ. ಟೆಂಪೊದವನ ಕಣ್ಣಿಗೆ ನಾವಿಬ್ಬರೂ ಸೇರಿ ರಸ್ತೆ ಬಂದ್ ಮಾಡಿದವರಂತೆ ಕಂಡಿರಬೇಕು.

ನುಂಗಿದ ಮಾತು ಅರಗದೆ ಹೊಟ್ಟೆಯಲ್ಲಿ ಹಾಗೇ ಕೂರುತ್ತದೆ. ಮನೆಗೆ ಮರಳುವ ದಾರಿಯುದ್ದಕ್ಕೂ ನಾನು ಸೈಕಲ್ಲಿನವರ ಅಪರಾಧಗಳ ಪಟ್ಟಿ ಮಾಡುತ್ತ ಬಂದೆ. ಇವರಿಗೆ ಬೆಲ್ಲಿಲ್ಲ, ಇದ್ದರೂ ಬಾರಿಸುವುದಿಲ್ಲ. ರಾತ್ರಿ ದೀಪವಿಲ್ಲ. ಒಂದೇ ದಿಕ್ಕಿಗೆ ಹೋಗಬೇಕಾದ ರಸ್ತೆ ಇವರಿಗೆ ಎರಡೂ ದಿಕ್ಕಿನದು. ನಾವು ಎಡಕ್ಕೆ ಸರಿದರೆ ಎಡದಲ್ಲಿ, ಬಲಕ್ಕೆ ಸರಿದರೆ ಬಲದಲ್ಲಿ, ನಿಂತರೆ ಬಾಗಿಲಿನ ಪಕ್ಕದಲ್ಲೇ ಪ್ರತ್ಯಕ್ಷ. ತಪ್ಪು ಯಾರದೇ ಇರಲಿ, ತಾಗಿದರೆ ಊರು ಸೇರುವುದು ಕಾರಿನವನ ಸುತ್ತ. ಇನ್ನು ಕಾನೂನನ್ನು ಕೇಳೋಣವೆಂದರೆ, 1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಸೈಕಲ್ಲು ಮೋಟಾರು ವಾಹನವೇ ಅಲ್ಲ. ಆದ್ದರಿಂದ ಲೈಸೆನ್ಸಿಲ್ಲ, ನಂಬರ್ ಪ್ಲೇಟಿಲ್ಲ, ವಿಮೆಯಿಲ್ಲ. ನನ್ನ ಕಾರಿನ ಹೊಗೆಗೂ ಸರ್ಟಿಫಿಕೇಟು ಬೇಕು, ಅವನಿಗೆ ಬೆಲ್ಲೂ ಬೇಡ. ಬೈಯಬೇಕೆಂದರೂ ಹೆಸರಿಲ್ಲದ, ಸಂಖ್ಯೆಯಿಲ್ಲದ ಒಂದು ಬೆನ್ನನ್ನೇ ನೋಡಿ ಬೈಯಬೇಕು.

ಮಳೆಗಾಲದ್ದು ಬೇರೆಯೇ ಅಧ್ಯಾಯ. ಜೂನ್ ತಿಂಗಳಲ್ಲಿ ಶಿರಸಿಯ ಸೈಕಲ್ ಸವಾರನಿಗೆ ಒಂದೇ ಕೈ, ಇನ್ನೊಂದು ಕೊಡೆಯದು. ಗಾಳಿ ಬಂದತ್ತ ಕೊಡೆ ವಾಲುತ್ತದೆ, ಕೊಡೆ ವಾಲಿದತ್ತ ಸವಾರ, ಸವಾರ ವಾಲಿದತ್ತ ಸೈಕಲ್ಲು. ತಿರುಗುವ ಮೊದಲು ಕೈ ತೋರಿಸಬೇಕೆಂಬ ನಿಯಮವನ್ನು ಪಾಲಿಸಲು ಅವನು ಮೂರನೆಯ ಕೈಯನ್ನು ಎಲ್ಲಿಂದ ತರಬೇಕು? ಇಷ್ಟಾದರೂ ಅವನು ಅಂಚಿಗೆ ಸರಿಯುವುದಿಲ್ಲವೆಂದು ನಾನು ಎಷ್ಟೋ ವರ್ಷ ಸಿಟ್ಟಾಗಿದ್ದೆ. ಒಂದು ದಿನ ಟೈರು ಪಂಕ್ಚರಾಗಿ ರಸ್ತೆಯ ಬದಿಗೆ ಇಳಿದು ನಿಂತಾಗ ಅಂಚು ಎಂದರೇನೆಂದು ತಿಳಿಯಿತು. ಡಾಂಬರು ಮುಗಿದಲ್ಲಿ ಒಂದು ಗೇಣು ಕೊರಕಲು, ಅದರಾಚೆ ಕೆಂಪು ರಾಡಿ, ರಾಡಿಯಾಚೆ ನೀರು ತುಂಬಿದ ಚರಂಡಿ. ಕಾರಿನ ಸೀಟಿನಲ್ಲಿ ಕುಳಿತವನಿಗೆ ಅದು ಕಾಣುವುದಿಲ್ಲ. ಎರಡು ಬೆರಳಗಲದ ಟೈರನ್ನು ನಂಬಿ ಹೊರಟವನಿಗೆ ಅದರ ಹೊರತು ಬೇರೇನೂ ಕಾಣುವುದಿಲ್ಲ. ಅಂಚು ಗಟ್ಟಿಯಿರುವ ಕಡೆಗಳಲ್ಲಿ ಹಾಗಾದರೆ ಏನಿರುತ್ತದೆ? ನಮ್ಮ ಕಾರುಗಳು ನಿಂತಿರುತ್ತವೆ.

ಆದರೂ ನನಗೆ ಬಹುಕಾಲ ಬಗೆಹರಿಯದೆ ಉಳಿದದ್ದು ಒಂದೇ ಪ್ರಶ್ನೆ: ಇವರು ಯಾಕೆ ನಿಲ್ಲುವುದಿಲ್ಲ? ಸರ್ಕಲ್ಲಿನಲ್ಲಿ ಪೊಲೀಸರು ಕೈಯೆತ್ತಿದರೂ, ಎದುರಿಗೆ ಲಾರಿ ಬಂದರೂ, ಸಂದಿಯಿದ್ದರೆ ಸಂದಿಯಲ್ಲಿ, ಇಲ್ಲದಿದ್ದರೆ ಸಂದಿ ಮಾಡಿಕೊಂಡು ಹೋಗಿಬಿಡುತ್ತಾರೆ. ಇದನ್ನು ನಾನು ಉದ್ಧಟತನವೆಂದೇ ತಿಳಿದಿದ್ದೆ. ಆಮೇಲೆ ನನ್ನದೇ ಹೈಸ್ಕೂಲಿನ ದಿನಗಳ ಮೊಣಕಾಲು ನೆನಪಾಯಿತು. ಶಿರಸಿ ಸಮುದ್ರಮಟ್ಟಕ್ಕಿಂತ ಸುಮಾರು 590 ಮೀಟರ್ ಎತ್ತರದಲ್ಲಿದೆ. ಆ ಎತ್ತರ ಒಂದೇ ಮಟ್ಟಸವಾಗಿ ಹರಡಿಕೊಂಡಿದ್ದರೆ ಚಿಂತೆಯಿರಲಿಲ್ಲ. ಏರು, ಇಳುಕಲು, ತಿರುವು, ಮತ್ತೆ ಏರು ಎಂದು ಅದು ಇಡೀ ತಾಲೂಕಿನಲ್ಲಿ ಹಂಚಿಹೋಗಿದೆ. ಇಂಥ ಊರಿನಲ್ಲಿ ಸೈಕಲ್ಲು ತುಳಿಯುವವನಿಗೆ ವೇಗವೆಂಬುದು ಕೂಡಿಟ್ಟ ಹಣವಿದ್ದಂತೆ. ಏರಿನಲ್ಲಿ ಸೀಟಿನಿಂದೆದ್ದು, ದೇಹದ ಭಾರವನ್ನೆಲ್ಲ ಒಂದೊಂದೇ ಪೆಡಲಿಗೆ ಹಾಕಿ ದುಡಿದದ್ದನ್ನು ಅವನು ಇಳುಕಲಿನಲ್ಲಿ ಖರ್ಚು ಮಾಡಲು ಇಟ್ಟುಕೊಂಡಿರುತ್ತಾನೆ. ಇಳುಕಲಿನ ಬುಡದಲ್ಲಿ ಬ್ರೇಕು ಹಿಡಿ ಎಂದರೆ ಆ ದುಡಿಮೆಯನ್ನೆಲ್ಲ ರಸ್ತೆಗೆ ಚೆಲ್ಲು ಎಂದಂತೆ. ನನಗೆ ಬ್ರೇಕೆಂದರೆ ಬಲಗಾಲನ್ನು ತುಸು ಒತ್ತುವುದು, ಮತ್ತೆ ಹೊರಡುವುದೆಂದರೆ ಅದೇ ಕಾಲನ್ನು ಪಕ್ಕಕ್ಕೆ ಸರಿಸುವುದು. ನಡುವಿನ ಖರ್ಚು ಪೆಟ್ರೋಲ್ ಬಂಕಿನವರಿಗೆ. ಅವನಿಗೆ ಆ ಖರ್ಚು ತೊಡೆಗಳಿಂದಲೇ ಬರಬೇಕು. ಕ್ಯಾರಿಯರಿನಲ್ಲಿ ಅರ್ಧ ಚೀಲ ಅಕ್ಕಿಯಿದ್ದರಂತೂ ನಿಂತ ಸೈಕಲ್ಲನ್ನು ಏರಿನಲ್ಲಿ ಮತ್ತೆ ಹತ್ತಲು ಆಗುವುದೇ ಇಲ್ಲ, ತಳ್ಳಿಕೊಂಡೇ ಹೋಗಬೇಕು. ಇದನ್ನು ಬಲ್ಲವನು ನಿಲ್ಲದೆ ದಾಟುವ ಹಾದಿಯನ್ನೇ ಹುಡುಕುತ್ತಾನೆ. ಹಾಗೆಂದು ಅವನು ಮಾಡುವುದು ಸರಿಯೆಂದು ನಾನು ಹೇಳಲಾರೆ, ಏಕೆಂದರೆ ಆ ಲೆಕ್ಕಾಚಾರದಲ್ಲಿ ನನ್ನ ಬಂಪರಿನ ಹೆಸರೂ ಇದೆ.

ಒಂದು ಕಾಲದಲ್ಲಿ ಸೈಕಲ್ಲಿಗೂ ಕಾನೂನಿನ ಕಾಟ ಕಡಿಮೆಯಿರಲಿಲ್ಲ. ಅಪ್ಪಯ್ಯನ ಸೈಕಲ್ಲಿಗೆ ಪುರಸಭೆಯ ಬಿಲ್ಲೆಯೊಂದು ಇತ್ತು. ವರ್ಷವರ್ಷವೂ ತೆರಿಗೆ ಕಟ್ಟಿ ಹೊಸ ಬಿಲ್ಲೆ ಪಡೆಯಬೇಕಿತ್ತಂತೆ. ಸಂಜೆಯಾದ ಮೇಲೆ ದೀಪವಿಲ್ಲದೆ ಹೋದರೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಡಬಲ್ ರೈಡ್ ಹೋದರೆ ಪೊಲೀಸರು ಹಿಡಿಯುತ್ತಿದ್ದರು, ದಂಡಕ್ಕೆ ಕಾಸಿಲ್ಲದವನ ಚಕ್ರದ ಗಾಳಿ ಬಿಡುತ್ತಿದ್ದರು. ಸೀಮೆಎಣ್ಣೆಯ ದೀಪವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಹೊರಟ ಅಪ್ಪಯ್ಯ ಅದರ ಬೆಳಕಿನಲ್ಲಿ ಏನನ್ನೂ ಕಾಣುತ್ತಿರಲಿಲ್ಲ, ಪೊಲೀಸರಿಗೆ ತಾನು ಕಂಡರೆ ಸಾಕಿತ್ತು. ಆಮೇಲೆ ಚಕ್ರಕ್ಕೆ ಉಜ್ಜಿ ಉರಿಯುವ ಡೈನಮೋ ಬಂತು. ಅದು ಏರಿನಲ್ಲಿ ಮಂಕಾಗಿ, ಇಳುಕಲಿನಲ್ಲಿ ಪ್ರಜ್ವಲಿಸುತ್ತಿತ್ತು. ಸ್ಕೂಟರುಗಳು ಹೆಚ್ಚಿದಂತೆ ಸೈಕಲ್ಲು ಯಾರ ಲೆಕ್ಕಕ್ಕೂ ಸಿಗದ ವಸ್ತುವಾಯಿತು. ಬಿಲ್ಲೆ ಹೋಯಿತು, ದೀಪ ಹೋಯಿತು, ಗಾಳಿ ಬಿಡುವ ಆಸಕ್ತಿಯೂ ಹೋಯಿತು.

ಸಂಜೆ ಹೈಸ್ಕೂಲು ಬಿಡುವ ಹೊತ್ತಿಗೆ ಹಳ್ಳಿಯ ರಸ್ತೆಗೆ ಬಂದರೆ ಇನ್ನೊಂದು ನೋಟ ಸಿಗುತ್ತಿತ್ತು. ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆಯನ್ನು ಸರ್ಕಾರ 2006-07ರಲ್ಲಿ ಆರಂಭಿಸಿದ ಮೇಲೆ, ಒಂದೇ ಅಚ್ಚಿನ ಸೈಕಲ್ಲುಗಳಲ್ಲಿ ನಾಲ್ಕು ಹುಡುಗಿಯರು ಸಾಲಾಗಿ, ಅಂದರೆ ಒಬ್ಬರ ಹಿಂದೆ ಒಬ್ಬರಲ್ಲ, ಒಬ್ಬರ ಪಕ್ಕ ಒಬ್ಬರು, ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಹೋಗುತ್ತಿದ್ದರು. ನಾನು ಮೆಲ್ಲಗೆ ಒಂದು ಹಾರ್ನು ಹಾಕಿದರೆ ಎಡಗಡೆಯ ಇಬ್ಬರು ಬಲಕ್ಕೆ, ಬಲಗಡೆಯ ಇಬ್ಬರು ಎಡಕ್ಕೆ ಬಂದು, ನಾಲ್ವರೂ ನಡುವಿನಲ್ಲಿ ಒಂದಾಗಿ ಕಿಸಕ್ಕನೆ ನಗುತ್ತಿದ್ದರು. ಒಮ್ಮೆ ತಾಳ್ಮೆಗೆಟ್ಟು ಗಾಜು ಇಳಿಸಿ, "ತಂಗೀ, ಒಬ್ಬರ ಹಿಂದೆ ಒಬ್ಬರು ಹೋದ್ರೆ ಆಗ್ತಿಲ್ಯನೇ?" ಎಂದೆ. ಕೊನೆಯವಳು ಅತ್ಯಂತ ವಿನಯದಿಂದ, "ಹಂಗ್ ಹೋದ್ರೆ ಮಾತು ಕೇಳೂದಿಲ್ರೀ" ಎಂದಳು. ನನ್ನ ಎಡಕ್ಕೆ ಕುಳಿತಿದ್ದ ಹೆಂಡತಿ, ಮನೆಯಿಂದ ಅಲ್ಲಿಯವರೆಗೂ ಅವಿಚ್ಛಿನ್ನವಾಗಿ ಮಾತಾಡುತ್ತ ಬಂದವಳು, ಆ ಕ್ಷಣ ಸುಮ್ಮನಾದಳು. ಕಾರೆಂಬುದು ಇಬ್ಬರು ಅಕ್ಕಪಕ್ಕ ಕುಳಿತು ಮಾತಾಡಲೆಂದೇ ಕಟ್ಟಿದ ಗಾಡಿಯಷ್ಟೆ. ಅದರಲ್ಲಿ ಒಬ್ಬನೇ ಹೋಗುವಾಗಲೂ ಇಬ್ಬರ ಅಗಲದ ರಸ್ತೆ ನಮಗೆ ಬೇಕು. ಬ್ರಿಟನ್ನಿನವರು 2022ರ ಜನವರಿಯಲ್ಲಿ ತಮ್ಮ ರಸ್ತೆ ಸಂಹಿತೆಯನ್ನು ತಿದ್ದಿದಾಗ, ಸೈಕಲ್ಲಿನವರು ಇಬ್ಬಿಬ್ಬರಾಗಿ ಹೋಗಬಹುದೆಂದೂ ಅವರನ್ನು ಹಿಂದೆ ಹಾಕುವ ಕಾರು ಕನಿಷ್ಠ 1.5 ಮೀಟರ್ ಅಂತರ ಬಿಡಬೇಕೆಂದೂ ಬರೆದರು. ಅದಕ್ಕೆ ಅಲ್ಲಿಯ ಕಾರಿನವರು ಕೆರಳಿದರು. ನಮ್ಮ ಊರಿನ ಒಳರಸ್ತೆಯಲ್ಲಿ ಕಾರಿನ ಪಕ್ಕ ಒಂದೂವರೆ ಮೀಟರ್ ಬಿಟ್ಟರೆ ಇನ್ನೊಂದು ಪಕ್ಕದ ಚಕ್ರ ಯಾರದಾದರೂ ತೋಟದಲ್ಲಿರುತ್ತದೆ.

ಕಾರವಾರದಲ್ಲಿರುವ ತಂಗಿಯ ಗಂಡನದು ಇನ್ನೊಂದು ದೂರು. ಅಲ್ಲಿ ಭಾನುವಾರ ಬೆಳಿಗ್ಗೆ ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೈಗಂಟಿದ ಬಣ್ಣದ ಅಂಗಿ ತೊಟ್ಟ ಒಂದು ತಂಡ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಅಂಕೋಲೆಯ ಕಡೆಗೆ ಹೊರಡುತ್ತದಂತೆ. ಬಿಣಗಾ ಕಡೆಯ ಸುರಂಗದೊಳಗೆ ಹೊಕ್ಕರೆ ಪ್ರತಿಧ್ವನಿ ಕೇಳಲು ಕೂಗು ಬೇರೆ ಹಾಕುತ್ತಾರಂತೆ. "ಅಲ್ದಾ ಭಾವ, ಸೈಕಲ್ಲಿಗೆ ಲಕ್ಷ ಕೊಡ್ತ, ಒಂದು ಬೆಲ್ ಹಾಕ್ಸಲೆ ಆಗ್ತಿಲ್ಯ?" ಎಂಬುದು ಅವನ ಪ್ರಶ್ನೆ. ಅದಕ್ಕಿಂತ ಹೆಚ್ಚು ಅವನನ್ನು ಕಾಡುವವರು ಎದುರು ದಿಕ್ಕಿನಿಂದ ಬರುವವರು. ಹೆದ್ದಾರಿ ನಾಲ್ಕು ಪಥವಾಗಿ ನಡುವೆ ಕಟ್ಟೆ ಬಂದ ಮೇಲೆ, ಎದುರಿನ ಅಂಗಡಿಗೆ ಹೋಗಬೇಕಾದವನು ಕಟ್ಟೆ ತೆರೆದಿರುವ ಜಾಗದವರೆಗೆ ಹೋಗಿ ಸುತ್ತಿ ಬರಬೇಕು. ಕಾರಿನಲ್ಲಿ ಅದು ಒಂದು ಹಾಡಿನ ದೂರ. ಸೈಕಲ್ಲಿನಲ್ಲಿ, ಕರಾವಳಿಯ ಬೆವರಿನಲ್ಲಿ, ಬೇರೆಯೇ ದೂರ. ಹೀಗಾಗಿ ಮೀನು ತರಲು ಹೊರಟವನು ಕಟ್ಟೆಯ ಪಕ್ಕದಲ್ಲೇ ನಿರಾತಂಕವಾಗಿ ಎದುರು ಬರುತ್ತಾನೆ. ಭಾವನೂ ಹಾಲಿಗೆ ಹೋಗುವಾಗ ಸ್ಕೂಟರನ್ನು ಅದೇ ದಾರಿಯಲ್ಲಿ ಒಯ್ಯುವುದನ್ನು ನಾನು ಹಿಂದಿನ ಸೀಟಿನಲ್ಲಿ ಕುಳಿತು ಕಂಡಿದ್ದೇನೆ. ನಾನು ಅತಿಥಿ, ಹಾಗಾಗಿ ಕೇಳಲಿಲ್ಲ.

ರಸ್ತೆ ಯಾರದೆಂಬ ಜಗಳದಲ್ಲಿ ಕಾರಿನವರು ಹಿರಿತನದ ಮಾತೆತ್ತದಿರುವುದೇ ಕ್ಷೇಮ. ಗಾಳಿ ತುಂಬಿದ ಟೈರನ್ನು ಡನ್‌ಲಪ್ ಎಂಬ ಪಶುವೈದ್ಯ 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ರೂಪಿಸಿದ್ದು ಮಗನ ಮೂರು ಚಕ್ರದ ಸೈಕಲ್ಲಿಗಾಗಿ, ಕಾರಿಗಾಗಿ ಅಲ್ಲ. ಅಮೆರಿಕದಲ್ಲಿ ಒಳ್ಳೆಯ ರಸ್ತೆ ಬೇಕೆಂದು ಮೊದಲು ಗದ್ದಲವೆಬ್ಬಿಸಿದವರೂ ಸೈಕಲ್ಲಿನವರೇ. 1880ರಲ್ಲಿ ಅವರು ಸಂಘ ಕಟ್ಟಿಕೊಂಡಾಗ ಅಲ್ಲಿ ಕಾರುಗಳೇ ಇರಲಿಲ್ಲ. ಅವರು ಕೇಳಿ ಹಾಕಿಸಿಕೊಂಡ ರಸ್ತೆಯ ಮೇಲೆ ಅವರ ಟೈರನ್ನೇ ತೊಟ್ಟು ಬಂದ ನಾವು ಈಗ ಅವರ ಬೆನ್ನಿಗೆ ಹಾರ್ನು ಹಾಕುತ್ತಿದ್ದೇವೆ. ಇದನ್ನು ಭಾವನಿಗೆ ಫೋನಿನಲ್ಲಿ ವಿವರಿಸಿದೆ. "ಹಂಗಾರೆ ನೀ ಕಾರು ಮಾರಿ ಸೈಕಲ್ ತಗ" ಎಂದ.

ಕೊನೆಗೌಡನ ವಿಷಯಕ್ಕೆ ಮರಳುವೆ. ಆ ವರ್ಷದ ಕೊಯ್ಲು ಮುಗಿದು ಕೂಲಿಯ ಲೆಕ್ಕ ಚುಕ್ತಾ ಮಾಡುವ ದಿನ, ಈಗ ಜಗಳವಾಡಿದರೂ ನಷ್ಟವಿಲ್ಲವೆಂಬ ಧೈರ್ಯದಿಂದ, ದೀಪವಿಲ್ಲದ ಸೈಕಲ್ಲಿನ ಬಗ್ಗೆ ಅವನಿಗೆ ಸಾಕಷ್ಟು ದೀರ್ಘವಾಗಿ ಉಪದೇಶಿಸಿದೆ. ಪೇಟೆಯಿಂದ ತಂದಿಟ್ಟಿದ್ದ ಕೆಂಪು ರೇಡಿಯಂ ಪಟ್ಟಿಯ ಸುರುಳಿಯೊಂದನ್ನೂ ಕೊಟ್ಟು, ಹಿಂದಿನ ಮಡ್‌ಗಾರ್ಡಿಗೆ ಅಂಟಿಸಿಕೊಳ್ಳಲು ಹೇಳಿದೆ. ಅವನು ಅದನ್ನು ಬಿಸಿಲಿಗೆ ಹಿಡಿದು ಆಚೀಚೆ ತಿರುಗಿಸಿ ನೋಡಿ, ಒಳ್ಳೆಯ ವಸ್ತುವೆಂದು ಒಪ್ಪಿ, ಕವಳದ ಚೀಲದಲ್ಲಿ ಇಟ್ಟುಕೊಂಡು ಹೋದ. ವಾರದ ಮೇಲೆ ಎದುರು ಸಿಕ್ಕಾಗ ನೋಡುತ್ತೇನೆ, ಮಡ್‌ಗಾರ್ಡು ಮೊದಲಿನಂತೆಯೇ ತುಕ್ಕು ಬಣ್ಣದಲ್ಲಿತ್ತು.

"ಪಟ್ಟಿ ಎಂತಾತಾ?" ಎಂದೆ.

"ದನದ ಕೋಡಿಗೆ ಸುತ್ತೀನಿ ಭಟ್ರೇ. ನಾನಾದ್ರೆ ಗಾಡಿ ಬಂತಂದ್ರೆ ಬದಿಗೆ ಹಾರ್ಕಂತೆ. ದನ ಎಲ್ಲಿ ಹಾರ್ತದೆ?"

ಇದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಆಮೇಲೊಂದು ರಾತ್ರಿ ಯಕ್ಷಗಾನದ ಆಟ ನೋಡಿ, ಅರ್ಧಕ್ಕೇ ಎದ್ದು ಕಾರಿನಲ್ಲಿ ಮರಳುತ್ತಿದ್ದೆ. ನಮ್ಮ ಊರಿನ ತಿರುವಿಗೆ ಒಂದಿಷ್ಟು ದೂರವಿರುವಾಗ ಕತ್ತಲೆಯಲ್ಲಿ ಎರಡು ಕೆಂಪು ಉಂಗುರಗಳು ಎತ್ತರದಲ್ಲಿ ತೂಗುತ್ತ ಹೋಗುವುದು ಕಂಡಿತು. ವೇಗ ಇಳಿಸಿ ಹತ್ತಿರ ಹೋದರೆ, ಎಲ್ಲೋ ತಪ್ಪಿಸಿಕೊಂಡಿದ್ದ ದನ ಮನೆಯ ಕಡೆಗೆ ನಡೆಯುತ್ತಿದೆ. ಅದರ ಪಕ್ಕಕ್ಕೆ, ರಸ್ತೆಯ ನಟ್ಟನಡುವೆ, ದೀಪವಿಲ್ಲದ ಸೈಕಲ್ಲಿನ ಮೇಲೆ ಕೊನೆಗೌಡ. ದನ ಬೆದರೀತೆಂದು ನಾನು ಹಾರ್ನು ಹಾಕಲಿಲ್ಲ. ಒಂದನೇ ಗೇರಿನಲ್ಲಿ ಅವರಿಬ್ಬರ ಹಿಂದೆಯೇ ಹೋದೆ. ತಿರುವಿನಲ್ಲಿ ಅವನು ಕೈ ತೋರಿಸಲಿಲ್ಲ. ದನ ಮೊದಲು ತಿರುಗಿತು.