ಮಿಶ್ರ ತಳಿಗೂ ಆರೈಕೆ ಬೇಕು

ಮಿಶ್ರ ತಳಿಯ ಸಣ್ಣ ನಾಯಿ ಸಾಕುವುದು ಸುಲಭ, ಅದಕ್ಕೆ ಕಾಯಿಲೆಯೇ ಬರುವುದಿಲ್ಲ ಎಂದು ಬರೆದಿದ್ದೀರಿ. ಮೊದಲನೆಯದು ಒಪ್ಪುತ್ತೇನೆ, ಎರಡನೆಯದು ಅಲ್ಲ. ನಮ್ಮ ಚಿನ್ನುವಿನ ತಾಯಿ ಪಾಮೇರಿಯನ್, ತಂದೆ ಬೀದಿನಾಯಿ. ಬೆಂಗಳೂರಿನ ಸಣ್ಣ ಬಾಡಿಗೆ ಮನೆಗೆ ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾಳೆ! ಆದರೆ ಗಾತ್ರ ಚಿಕ್ಕದಾದರೆ ಹಲ್ಲಿನ ತೊಂದರೆ ಜಾಸ್ತಿ, ಮಂಡಿಚಿಪ್ಪು ಜಾರುವುದೂ ಉಂಟು. ಇವಳು ಓಡುವಾಗ ಹಿಂಗಾಲು ಎತ್ತಿಕೊಳ್ಳುತ್ತಿದ್ದಳು. ತೂಕ ಏರಬಾರದು, ಸೋಫಾದಿಂದ ಹಾರಬಾರದು ಎಂದರು ಡಾಕ್ಟರ್.

ಇನ್ನೊಂದು ಮಾತು. ಉಳಿದ ಸಾರನ್ನ ಹಾಕಿದರೆ ಸಾಕು ಅನ್ನುವವರು ಬಹಳ ಜನ. ದಯವಿಟ್ಟು ಹಾಕಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪುಟ್ಟ ದೇಹಕ್ಕೆ ಸ್ವಲ್ಪವೇ ಜಾಸ್ತಿ ಆಗುತ್ತದೆ ಅಲ್ವಾ? ನಾವು ಬರೀ ಅನ್ನ, ಬೇಯಿಸಿದ ಕೋಳಿ, ಕ್ಯಾರೆಟ್ ಕೊಡುತ್ತೇವೆ. ಉಪ್ಪು, ಒಗ್ಗರಣೆ ಏನೂ ಇಲ್ಲ.