ಒಂದು ಡಾಲರಿನ ಸತ್ಯ

ರೈಟ್ ಸಹೋದರರ 1903ರ ವಿಮಾನ ನಕಲಿ ಎಂಬ ವಾದ ಮತ್ತೆ ಚಿಗುರಿದೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹಾಲಯದಲ್ಲಿರುವ ಆ ಯಂತ್ರದ ರೆಕ್ಕೆಯ ಬಟ್ಟೆ ಹೊಸದು, ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಬೇರೆಯದು, ಆದ್ದರಿಂದ ಅದು ಹಾರಿದ್ದೇ ಸುಳ್ಳು ಎಂದು ತೀರ್ಪು ಕೊಡುವ ಪತ್ತೇದಾರರ ಶ್ರದ್ಧೆಯನ್ನು ಮೆಚ್ಚಲೇಬೇಕು. ಯಾರೂ ಮುಚ್ಚಿಡದ ಸಂಗತಿಯನ್ನು ಬಯಲಿಗೆಳೆಯುವುದು ಎಲ್ಲರಿಗೂ ಸಾಧ್ಯವಾಗುವ ಕೆಲಸವಲ್ಲ. ಕೊನೆಯ ಹಾರಾಟದಲ್ಲಿ 59 ಸೆಕೆಂಡು ಗಾಳಿಯಲ್ಲಿದ್ದು 852 ಅಡಿ ಸಾಗಿದ ಆ ವಿಮಾನವನ್ನು ಅದೇ ದಿನ ಬಿರುಗಾಳಿ ಉರುಳಿಸಿ ಮುರಿಯಿತು. 1906ರಲ್ಲಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಕೊಟ್ಟ ಕ್ರ್ಯಾಂಕ್‌ಶಾಫ್ಟ್ ಮರಳಿ ಬರಲಿಲ್ಲ. 1913ರಲ್ಲಿ ಸಹೋದರರ ಊರಾದ ಡೇಟನ್ನಿಗೆ ಬಂದ ನೆರೆಯಲ್ಲಿ ಉಳಿದದ್ದೂ ಕೆಸರಿನಲ್ಲಿ ಮುಳುಗಿತು. ಆರ್ವಿಲ್ ರೈಟ್ ಅದನ್ನು ದುರಸ್ತಿ ಮಾಡಿ 1927ರಲ್ಲಿ ಹೊಸ ಬಟ್ಟೆ ಹೊದಿಸಿದರು. 1985ರಲ್ಲಿ ಸಂಗ್ರಹಾಲಯ ಮತ್ತೊಮ್ಮೆ ಹೊದಿಸಿತು. ಗಾಲಿ ಬದಲಾಯಿಸಿದ ತೇರು ನಮ್ಮೂರಿನದಲ್ಲ ಎಂದು ಜಾತ್ರೆಯಲ್ಲಿ ತಗಾದೆ ತೆಗೆಯುವವರು ಇನ್ನೂ ಹುಟ್ಟಿಲ್ಲದಿರುವುದು ದೇವರ ಪುಣ್ಯ.

ಇಷ್ಟು ಕಠಿಣ ಪರೀಕ್ಷಕರಲ್ಲಿ ನಮ್ಮವರೂ ಇದ್ದಾರೆ. ರೈಟ್ ಸಹೋದರರ ಒಂದೊಂದು ಮೊಳೆಗೂ ದಾಖಲೆ ಕೇಳುವ ಇವರಿಗೆ, 1895ರಲ್ಲಿ ಮುಂಬಯಿಯ ಚೌಪಾಟಿಯಲ್ಲಿ ತಳಪದೆಯವರ ವಿಮಾನ ಹಾರಿತೆಂದು ನಂಬಲು ಒಂದು ಕಡ್ಡಿಯೂ ಬೇಕಾಗುವುದಿಲ್ಲ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ವೈಮಾನಿಕ ಶಾಸ್ತ್ರದ ವಿಮಾನಗಳು ಹಾರಲಾರವು, ಆ ಗ್ರಂಥವೂ ಪ್ರಾಚೀನವಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲೇ ಬರೆದರು. ಅದರಿಂದ ಯಾರ ಉತ್ಸಾಹವೂ ಕುಂದಿದಂತೆ ಕಾಣುವುದಿಲ್ಲ.

ಆದರೂ ಸಂದೇಹವಾದಿಗಳನ್ನು ಮಾತ್ರ ಹಂಗಿಸುವುದು ಅನ್ಯಾಯ, ಏಕೆಂದರೆ ಅವರ ಗುರುಕುಲ ಸ್ಮಿತ್‌ಸೋನಿಯನ್ನೇ. ಅದರ ಕಾರ್ಯದರ್ಶಿ, ಅಂದರೆ ಮುಖ್ಯಸ್ಥ, ಲ್ಯಾಂಗ್ಲಿಯವರು ಸರ್ಕಾರದ 50,000 ಡಾಲರ್ ಪಡೆದು ಕಟ್ಟಿಸಿದ ಏರೋಡ್ರೋಮ್ ಎಂಬ ವಿಮಾನ, ರೈಟ್ ಸಹೋದರರು ಹಾರುವುದಕ್ಕೆ ಒಂಬತ್ತು ದಿನ ಮೊದಲು ಎರಡನೆಯ ಬಾರಿ ಪೊಟೊಮ್ಯಾಕ್ ನದಿಗೆ ಬಿದ್ದಿತ್ತು. 1914ರಲ್ಲಿ ಸಂಸ್ಥೆ ಅದನ್ನು ವಿಮಾನ ತಯಾರಕ ಗ್ಲೆನ್ ಕರ್ಟಿಸ್ ಕೈಗೆ ಕೊಟ್ಟಿತು. ಪೇಟೆಂಟ್ ಮೊಕದ್ದಮೆಯಲ್ಲಿ ರೈಟ್‌ಗಳ ಎದುರು ಸೋತಿದ್ದ ಮನುಷ್ಯನಿಗಿಂತ ನಿಷ್ಪಕ್ಷಪಾತಿ ಇನ್ನೆಲ್ಲಿ ಸಿಗುತ್ತಾನೆ? ಆತ ರೆಕ್ಕೆ ತಿದ್ದಿ, ಆಧಾರ ಬದಲಿಸಿ, ತೇಲುಬುಡ ಕಟ್ಟಿ, ಕೆಲವು ಕ್ಷಣ ನೀರಿನಿಂದ ಮೇಲೆತ್ತಿದ. ಬಳಿಕ ಸಂಸ್ಥೆ ಆ ತಿದ್ದುಪಡಿಗಳನ್ನೆಲ್ಲ ಕಿತ್ತು, 1903ರ ರೂಪಕ್ಕೆ ತಂದು, ಮಾನವನನ್ನು ಹೊತ್ತು ಹಾರಬಲ್ಲ ಜಗತ್ತಿನ ಮೊದಲ ವಿಮಾನವೆಂಬ ಫಲಕ ತಗುಲಿಸಿ ಪ್ರದರ್ಶನಕ್ಕಿಟ್ಟಿತು.

ಸಿಟ್ಟಿಗೆದ್ದ ಆರ್ವಿಲ್ 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿಗೆ ಕಳುಹಿಸಿಬಿಟ್ಟರು. ಸಂಸ್ಥೆ ತಪ್ಪೊಪ್ಪಿಕೊಳ್ಳಲು 1942 ಆಗಬೇಕಾಯಿತು. 1948ರಲ್ಲಿ, ಆರ್ವಿಲ್ ತೀರಿಕೊಂಡ ಮೇಲೆ, ವಾರಸುದಾರರು ಒಂದು ಡಾಲರಿಗೆ ಅದೇ ಸಂಸ್ಥೆಗೆ ವಿಮಾನವನ್ನು ಮಾರಿದರು. ಇದಕ್ಕಿಂತ ಮೊದಲು ಬೇರೊಂದು ವಿಮಾನ ಮನುಷ್ಯನನ್ನು ಹೊತ್ತು ನಿಯಂತ್ರಿತವಾಗಿ ಹಾರಬಲ್ಲದಾಗಿತ್ತು ಎಂದು ಸಂಸ್ಥೆ ಎಂದಾದರೂ ಹೇಳಿದರೆ ವಿಮಾನ ವಾಪಸು ಎಂಬ ಷರತ್ತಿನೊಡನೆ.

ಸಾಕ್ಷ್ಯ ನೋಡಿ ತೀರ್ಮಾನಿಸಬೇಕಾದ ವಿದ್ವತ್ ಸಂಸ್ಥೆಯೊಂದು ಇತಿಹಾಸವನ್ನು ಬಾಡಿಗೆ ಕರಾರಿನಂತೆ ಬರೆದುಕೊಟ್ಟಿತು, ಇದರಲ್ಲಿ ನಗುವಂಥದ್ದೇನೂ ಇಲ್ಲ. ಆರ್ವಿಲ್ ಅವರ ಮನೆಯವರನ್ನು ದೂರಲಾರೆ; ವರ್ಷಗಟ್ಟಲೆ ಸುಳ್ಳು ಫಲಕ ಓದಿದವರು ಬಾಯಿಮಾತನ್ನು ನಂಬಬೇಕಿತ್ತೇ? ನಾಚಿಕೆಯಾಗಬೇಕಾದದ್ದು, ತನ್ನ ಸತ್ತ ಕಾರ್ಯದರ್ಶಿಯ ಮಾನ ಉಳಿಸಲು ತನ್ನ ಮಾತಿನ ಬೆಲೆಯನ್ನೇ ಕಳೆದುಕೊಂಡ ಸಂಸ್ಥೆಗೆ.

ಈಗ ಅದು ನಿಜ ಹೇಳಿದರೂ ಕೇಳುವವರಿಲ್ಲ. ಗುಸ್ತಾವ್ ವೈಟ್‌ಹೆಡ್ 1901ರಲ್ಲೇ ಹಾರಿದನೆಂದು 2013ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯ ಶಾಸನದ ಮೂಲಕ ಮನ್ನಣೆ ಕೊಟ್ಟಿತು; ಸದನದಲ್ಲಿ ಕೈಗಳು ಮೇಲೆದ್ದರೆ ವಿಮಾನವೂ ಏಳುತ್ತದೆಂಬ ನಂಬಿಕೆ ಇರಬೇಕು. ರೈಟ್ ವಿಮಾನ ನೆಲ ಬಿಟ್ಟ ಕ್ಷಣದ ಛಾಯಾಚಿತ್ರವಿದೆ, ವೈಟ್‌ಹೆಡ್‌ನದು ಎಲ್ಲಿದೆ ಎಂದು ಸಂಗ್ರಹಾಲಯದ ಇತಿಹಾಸಕಾರರು ಕೇಳಿದರೆ, ಎದುರಿನವರು ಚಿತ್ರ ಹುಡುಕುವ ಗೋಜಿಗೇ ಹೋಗುವುದಿಲ್ಲ, 1948ರ ಕರಾರನ್ನು ತೆಗೆದು ಮುಂದಿಡುತ್ತಾರೆ.